ಹ್ಯಾಮಕ್ ಮೇಲೆ ಕಟ್ಟೋಕೆ ಟಾರ್ಪ್: ಕಮ್ಮಿ ದುಡ್ಡಲ್ಲಿ ಆರಿಸೋದು ಹೇಗೆ

ಟಾರ್ಪ್, ಅಂದ್ರೆ ಮಳೆ ತಡೆಯೋಕೆ ಮೇಲೆ ಕಟ್ಟೋ ಹೊದಿಕೆ, ಹುಡುಕೋಕೆ ಮುಂಚೆ ಅಳತೆ ಟೇಪ್ ಹುಡುಕಿ. ಹ್ಯಾಮಕ್ಕನ್ನ (ಎರಡು ಮರದ ನಡುವೆ ಕಟ್ಟಿ ಮಲಗೋ ತೂಗುಹಾಸಿಗೆ) ನೀವು ದಿನಾ ಮಲಗೋ ಥರಾನೇ ಸಡಿಲವಾಗಿ ಕಟ್ಟಿ, ಒಂದು ತುದಿಯಿಂದ ಇನ್ನೊಂದು ತುದಿಗೆ ನೇರಕ್ಕೆ ಎಷ್ಟಾಗುತ್ತೆ ಅಂತ ಅಳೀರಿ, 11 ಅಡಿ ಹ್ಯಾಮಕ್ ಆದ್ರೆ ಕಟ್ಟಿದ್ಮೇಲೆ ಸುಮಾರು 9 ಅಡಿ ಬರುತ್ತೆ. ಟಾರ್ಪ್ ಅದಕ್ಕಿಂತ ಕನಿಷ್ಠ 1 ಅಡಿ ಉದ್ದ ಇರ್ಲೇಬೇಕು, ಎರಡೂ ಕಡೆ ಅರ್ಧರ್ಧ ಅಡಿ, ಗಾಳಿ ಮಳೆ ಜೋರಿರೋ ಜಾಗ ಆದ್ರೆ 2 ಅಡಿ. ದುಡ್ಡನ್ನ ಎಲ್ಲಿ ಬೇಕಾದ್ರೂ ಉಳಿಸಿ, ಉದ್ದದಲ್ಲಿ ಮಾತ್ರ ಬೇಡ, ತಲೆ ಕಡೆಯಿಂದ ಎರಚಲು ಹೊಡೆಯೋಕೆ ಶುರುವಾದ್ರೆ ಎಂಥ ದುಬಾರಿ ಬಟ್ಟೆನೂ ಕಾಪಾಡಲ್ಲ.

ಆಮೇಲೆ ಆಕಾರ. ಚೌಕದ ಟಾರ್ಪನ್ನ ಮೂಲೆಯಿಂದ ಮೂಲೆಗೆ ಕಟ್ಟಿದ್ರೆ 10 ಅಡಿದು 14 ಅಡಿ ಉದ್ದ ಸಿಗುತ್ತೆ, ಆದ್ರೆ ತುದಿಗಳಲ್ಲಿ ಅಗಲ ಇರಲ್ಲ, ಅದಕ್ಕೇ ಮೊದಲ ಸಲ ತಗೊಳ್ಳೋರಿಗೆ ನಾನು ಆಯತಾಕಾರದ್ದೇ ಹೇಳೋದು. ಮಳೆ ಬಂದ್ರೆ ಕೆಳಗೆ ಇಳಿಸಿ ಕಟ್ಬಹುದು, ಇಲ್ಲಾಂದ್ರೆ ಒಂದು ಕಡೆ ಎತ್ತಿ ಜಗಲಿ ಥರ ಮಾಡ್ಕೋಬಹುದು.

ಬಟ್ಟೆ ವಿಷಯಕ್ಕೆ ಬಂದ್ರೆ, ಎಲ್ಲಕ್ಕಿಂತ ಅಗ್ಗ ಅಂದ್ರೆ ಮಾಮೂಲಿ ಪ್ಲಾಸ್ಟಿಕ್ ಟಾರ್ಪಾಲು, ನೀರು ತಡೆಯುತ್ತೆ, ಆದ್ರೆ ಭಾರ, ಗಾಳಿಗೆ ಪಟಪಟ ಅಂತ ಸದ್ದು. ಗಾಡಿ ಪಕ್ಕದಲ್ಲೇ ಕ್ಯಾಂಪ್ ಮಾಡೋರಿಗೆ ಅದು ಧಾರಾಳ ಸಾಕು. ಹೊತ್ಕೊಂಡು ನಡೆಯೋರು ಪಾಲಿಯೆಸ್ಟರ್ ನೋಡಿ. ನೈಲಾನ್ ನೆಂದ್ರೆ ಹಿಗ್ಗುತ್ತೆ, ಸಂಜೆ ಬಿಗಿಯಾಗಿ ಕಟ್ಟಿದ್ದು ಮಧ್ಯರಾತ್ರಿ ಜೋತುಬಿದ್ದಿರುತ್ತೆ, ಎದ್ದು ಮತ್ತೆ ಬಿಗೀಬೇಕು; ಪಾಲಿಯೆಸ್ಟರ್ ಅಷ್ಟಾಗಿ ಹಿಗ್ಗಲ್ಲ. ನೀರು ತಡೆಯೋ ಶಕ್ತಿನ, ಅಂದ್ರೆ ಎಷ್ಟು ಎತ್ತರದ ನೀರಿನ ಒತ್ತಡ ಬಟ್ಟೆ ತಡ್ಕೊಳ್ಳುತ್ತೆ ಅನ್ನೋದನ್ನ, ಮಿಲಿಮೀಟರಲ್ಲಿ ಬರೆದಿರ್ತಾರೆ, 1500 ರಿಂದ 2000 ಇದ್ರೆ ಆರಾಮ, 5000ಕ್ಕೆ ಜಾಸ್ತಿ ದುಡ್ಡು ಕೊಡ್ಬೇಡಿ.

ಅಗ್ಗದ ಟಾರ್ಪ್ ಕೈಕೊಡೋದು ಹೆಚ್ಚಾಗಿ ಬಟ್ಟೆಯಲ್ಲಲ್ಲ, ಹೊಲಿಗೆಯಲ್ಲಿ ಮತ್ತೆ ಹಗ್ಗ ಕಟ್ಟೋ ಕುಣಿಕೆಗಳಲ್ಲಿ. ಕುಣಿಕೆ ಇರೋ ಕಡೆ ಎರಡು ಪದರ ಬಟ್ಟೆ ಇದ್ಯಾ, ಒತ್ತೊತ್ತಾಗಿ ಹೊಲಿದಿದಾರಾ ಅಂತ ಎಳೆದು ನೋಡಿ. ನಡುವೆ ಹೊಲಿಗೆ ಇದ್ರೆ ಒಳಗಿಂದ ಟೇಪ್ ಅಂಟಿಸಿರ್ಬೇಕು, ಇಲ್ಲಾಂದ್ರೆ ಸೀಲರ್ (ಹೊಲಿಗೆ ತೂತು ಮುಚ್ಚೋ ಅಂಟು) ನೀವೇ ಹಚ್ಬೇಕು, ಸಿಲಿಕೋನ್ ಲೇಪದ ಬಟ್ಟೆಗೆ ಸಿಲಿಕೋನ್ ಸೀಲರ್ ಮಾತ್ರ ಹಿಡಿಯೋದು.

ತಂದ ದಿನಾನೇ ಮನೆ ಹತ್ರ ಕಟ್ಟಿ ಪೈಪಲ್ಲಿ ನೀರು ಬಿಡಿ, ಹತ್ತು ನಿಮಿಷ ಬಿಟ್ಟು ಹೊಲಿಗೆ ಕೆಳಗೆ ಕೈ ಸವರಿ. ಹಾಗೇ ಹ್ಯಾಮಕ್ಕನ್ನ ಮರಕ್ಕೆ ಕಟ್ಟೋ ಪಟ್ಟಿಗೆ, ಟಾರ್ಪ್ ನೆರಳೊಳಗೇ, ಒಂದು ತುಂಡು ದಾರ ಕಟ್ಟಿ ಇಳಿಬಿಡಿ. ಮರದಿಂದ ಪಟ್ಟಿ ಮೇಲೆ ಹರಿದು ಬರೋ ನೀರು ಆ ದಾರ ಹಿಡ್ಕೊಂಡು ನೆಲಕ್ಕೆ ಇಳಿಯುತ್ತೆ, ಹಾಸಿಗೆಗೆ ಬರಲ್ಲ.