ಕ್ಯಾಮೊಫ್ಲಾಜ್ ಸೂಟಿನ ನಿಯಮ ನಾನು ತಿದ್ದಿದ ಬಗೆ

ನಮ್ಮದು ಬಳ್ಳಾರಿಯ ಐದು ಜನರ ಗುಂಪು. ಭಾನುವಾರ ಸಂಜೆ ಒಗ್ಗರಣಿ, ಮಿರ್ಚಿ ಕಟ್ಟಿಸಿಕೊಂಡು ಬಂದು ಮಾಳಿಗೆ ಕೋಣೆಯಲ್ಲಿ ಕೂತರೆ ರಾತ್ರಿ ಹತ್ತರ ತನಕ ಯಾರೂ ಏಳುವುದಿಲ್ಲ. ನಾವು ಆಡುವುದು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಲ್ಲೇ ಕಥೆ ನಡೆಸಿ, ಗೆಲುವು ಸೋಲನ್ನು ದಾಳದಿಂದ ತೀರ್ಮಾನಿಸುವ ಆಟ. ಕಥೆ ಇನ್ನೂರು ವರ್ಷ ಮುಂದಿನ ಕಾಲದ್ದು. ಸುಡುವ ಗ್ರಹ, ಅಲ್ಲೊಂದು ಅದಿರಿನ ಗಣಿ, ಸುತ್ತ ಕಾವಲು. ಕಥೆ ನಡೆಸುವವನು ನಾನು, ನಿಯಮ ಬರೆಯುವವನೂ ನಾನೇ.

ದಾಳದ ಲೆಕ್ಕ ಸರಳ. ಎರಡು ದಾಳ ಉರುಳಿಸಿ 8 ಅಥವಾ ಜಾಸ್ತಿ ಬಂದರೆ ಗೆದ್ದಂತೆ. 1977ರಲ್ಲಿ ಬಂದ ಟ್ರಾವೆಲರ್ ಅನ್ನುವ ಇಂಥದ್ದೇ ಆಟದಲ್ಲಿ ಗುಂಡು ತಾಗುವುದಕ್ಕೆ ಇದೇ 8 ಬೇಕಿತ್ತು, ನಾನು ಅಲ್ಲಿಂದಲೇ ತಗೊಂಡೆ. ಕ್ಯಾಮೊಫ್ಲಾಜ್ ಸೂಟ್, ಅಂದರೆ ಬಣ್ಣ ಬದಲಿಸಿ ಮೈ ಮರೆಸುವ ಉಡುಪು, ಹಾಕಿದವರನ್ನು ಹುಡುಕುವ ಕಾವಲುಗಾರನ ದಾಳದಿಂದ 4 ಕಳೆಯಬೇಕು ಅಂತ ಒಂದೇ ಸಾಲು ಬರೆದಿದ್ದೆ. ಅದೇ ತಪ್ಪಾಯಿತು. ಸೂಟ್ ಇಲ್ಲದಿದ್ದರೆ ಕಾವಲುಗಾರನಿಗೆ 36ರಲ್ಲಿ 15 ಅವಕಾಶ. 4 ಕಳೆದರೆ ಅವನಿಗೆ 12 ಬೀಳಲೇಬೇಕು, ಅಂದರೆ 36ರಲ್ಲಿ ಒಂದೇ ಒಂದು. ಮೂರನೇ ವಾರಕ್ಕೆ ಎಲ್ಲರೂ ಸೂಟ್ ಕೊಂಡರು, ಹಾಡುಹಗಲಲ್ಲಿ ಗಣಿಯ ಗೇಟಿನ ಮುಂದೆ ನಡೆದು ಹೋದರು. ಎದೆ ಹೊಡೆದುಕೊಳ್ಳುವಂಥದ್ದು ಏನೂ ಉಳಿಯಲಿಲ್ಲ. ಅದು ನನಗೆ ನಿಜಕ್ಕೂ ಬೇಜಾರಾಯಿತು.

ಪುಸ್ತಕ ಹುಡುಕುವ ಬದಲು ನಾನೇ ನೋಡೋಣ ಅಂತ ಹೊರಟೆ. ಜೀನ್ಸ್ ಹೊಲಿಯುವ ಗೆಳೆಯನ ಹತ್ತಿರ ತುಂಡು ಬಟ್ಟೆ ಕೇಳಿ ತಂದೆ. ಒಂದು ಖಾಕಿ, ಒಂದು ಬೂದಿ ಬಣ್ಣ, ಒಂದು ಕಡುನೀಲಿ. ಜೊತೆಗೆ ಮನೆಯಲ್ಲಿದ್ದ ಕರೀ ಕಂಬಳಿ. ಬೆಳಿಗ್ಗೆ ಗುಡ್ಡದ ಬಂಡೆಗಳ ನಡುವೆ ಅಕ್ಕನ ಮಗನನ್ನು ಒಂದೊಂದಾಗಿ ಹೊದಿಸಿ ಕೂರಿಸಿದೆ, ನಾನು ನೂರು ಹೆಜ್ಜೆ ದೂರ ನಿಂತೆ. ಬೂದಿ ಬಣ್ಣವೇ ಗೆಲ್ಲುತ್ತದೆ ಅಂದುಕೊಂಡಿದ್ದೆ. ಬಿಸಿಲು ಬಿದ್ದ ಬಂಡೆಯ ಮುಂದೆ ಅದು ಚೆನ್ನಾಗಿಯೇ ಅಡಗಿತು. ಆದರೆ ಎರಡು ಬಂಡೆಗಳ ಸಂದಿಯಲ್ಲಿ, ನೆರಳಲ್ಲಿ, ಕಂಬಳಿಯನ್ನು ಹುಡುಕಲು ಆಗಲೇ ಇಲ್ಲ. ಅಲ್ಲೇ ಇದ್ದಾನೆ ಅಂತ ಗೊತ್ತಿದ್ದೂ ಕಣ್ಣು ಅವನನ್ನು ದಾಟಿ ಹೋಗುತ್ತಿತ್ತು. ಆಮೇಲೆ ಅವನು ಸೊಳ್ಳೆ ಓಡಿಸಲು ಕೈ ಎತ್ತಿದ, ಅಷ್ಟೇ, ಪೂರಾ ಮನುಷ್ಯ ಕಾಣಿಸಿಬಿಟ್ಟ. ದರೋಜಿ ಕರಡಿಧಾಮಕ್ಕೆ ಹೋದವರಿಗೆ ಇದು ಗೊತ್ತಿರುತ್ತದೆ. ವೀಕ್ಷಣಾ ಗೋಪುರದಿಂದ ನೋಡಿದರೆ ಬಂಡೆಯ ನೆರಳು ಅನ್ನಿಸಿದ್ದು ಎದ್ದು ನಡೆಯುತ್ತದೆ, ಆಗ ಅದು ಕರಡಿ.

ಹಾಗಾಗಿ ಹೊಸ ನಿಯಮದಲ್ಲಿ ಸೂಟಿಗೆ ಅಂತ ಅಂಕ ಇಲ್ಲ. ಹಿಂದಿರುವ ಜಾಗಕ್ಕೆ ಬಣ್ಣ ಹೊಂದಿದರೆ ಕಾವಲುಗಾರನ ದಾಳಕ್ಕೆ 2 ಕಡಿತ, ಅಲುಗಾಡದೆ ಇದ್ದರೆ ಇನ್ನೊಂದು. ನಡೆದರೆ ಎರಡೂ ಹೋದವು. ಓಡಿದರೆ ಕಾವಲುಗಾರನಿಗೇ 2 ಸೇರುತ್ತದೆ, ಯಾವ ಸೂಟ್ ಹಾಕಿದ್ದರೂ ಸರಿ.

ಇದು ಬರೀ ಕಣ್ಣಿನ ಮಾತು. ಮುಂದಿನ ಕಾಲದ ಕಾವಲುಗಾರನ ಕೈಯಲ್ಲಿ ಬಿಸಿಯನ್ನು ಚಿತ್ರವಾಗಿ ತೋರಿಸುವ ಥರ್ಮಲ್ ಕ್ಯಾಮೆರಾ ಇರುತ್ತದಲ್ಲ, ನಾನು ಹೆಚ್ಚು ತಲೆ ಕೆಡಿಸಿಕೊಂಡಿದ್ದು ಅಲ್ಲೇ. ಮೊದಲು "ಮನುಷ್ಯ ಬಿಸಿ, ಆದ್ದರಿಂದ ಕಾಣುತ್ತಾನೆ" ಅಂತ ಬರೆದಿದ್ದೆ. ಅಕ್ಕನ ಮಗ ಓದಿ ಕೇಳಿದ, "ಮಾವ, ಬ್ಯಾಸಿಗ್ಯಾಗ ನಮ್ಮ ಗುಡ್ಡದ ಕಲ್ಲು ನನಗಿಂತ ಬಿಸಿ ಇರ್ತೈತಲ್ಲ, ಆಗ ಹೆಂಗ?"

ಅವನ ಮಾತು ಸರಿ. ನಮ್ಮ ಚರ್ಮದ ಬಿಸಿ ಸುಮಾರು 33-34 ಡಿಗ್ರಿ. ಮೇ ತಿಂಗಳ ಮಧ್ಯಾಹ್ನ ಇಲ್ಲಿನ ಬಂಡೆ 50 ಸುಲಭವಾಗಿ ದಾಟುತ್ತದೆ. ಆಗ ಕ್ಯಾಮೆರಾದಲ್ಲಿ ಬಂಡೆ ಬೆಳ್ಳಗೆ ಹೊಳೆದರೆ ಮನುಷ್ಯ ಅದರ ಮೇಲೆ ಕಪ್ಪು ಮಚ್ಚೆಯಂತೆ ಕಾಣುತ್ತಾನೆ. ಬೆಳಗಿನ ಜಾವ ಕಲ್ಲು ತಣ್ಣಗಾಗಿರುತ್ತದೆ, ಆಗ ಇದರ ಉಲ್ಟಾ. ಇವೆರಡರ ನಡುವೆ, ಹೊತ್ತು ಮುಳುಗಿದ ಮೇಲೆ ಮತ್ತು ಬಿಸಿಲು ಏರುವಾಗ, ಕಲ್ಲು ಮೈ ಎರಡೂ ಒಂದೇ ಬಿಸಿಗೆ ಬರುವ ಸ್ವಲ್ಪ ಹೊತ್ತು ಇರುತ್ತದೆ. ಆಗ ಯಾವ ಸೂಟೂ ಹಾಕದವನೂ ಕ್ಯಾಮೆರಾಗೆ ಸಿಗುವುದು ಕಷ್ಟ. ಈ ಹೊತ್ತಿಗೆ 3 ಕಡಿತ ಕೊಟ್ಟೆ.

ಶಾಖ ಮುಚ್ಚುವ ಸೂಟ್ ಬೇಕು ಅನ್ನುವವರಿಗೂ ಒಂದು ಬೆಲೆ ಇಟ್ಟೆ. ಸುಮ್ನೆ ಕೂತ ಮನುಷ್ಯನ ಮೈ ಸುಮಾರು 100 ವಾಟ್ ಶಾಖ ಬಿಡುತ್ತದೆ, ಅಂದರೆ ಒಂದು ಹಳೇ ಕಾಲದ ಬಲ್ಬಿನಷ್ಟು. ಹೊರೆ ಹೊತ್ತು ನಡೆದರೆ ಅದರ ಮೂರು ನಾಲ್ಕು ಪಟ್ಟು. ಸೂಟ್ ಅದನ್ನು ಹೊರಗೆ ಬಿಡದಿದ್ದರೆ ಅದು ಒಳಗೇ ಉಳಿಯಬೇಕು. ಹಾಗಾಗಿ ಹತ್ತು ನಿಮಿಷಕ್ಕೊಮ್ಮೆ ಸೂಟ್ ಹಾಕಿದವರು ತಾಳುವ ದಾಳ ಹಾಕಬೇಕು, ಪ್ರತಿ ಸಲ 1 ಕಡಿಮೆ ಆಗುತ್ತಾ ಹೋಗುತ್ತದೆ. ಸೋತರೆ ಸೂಟ್ ಬಿಚ್ಚಬೇಕು, ಇಲ್ಲವೇ ತಲೆ ಸುತ್ತಿ ಬೀಳಬೇಕು.

ಹೋದ ವಾರ ಇದನ್ನು ಆಡಿದೆವು. ಗುಂಪಿನಲ್ಲಿ ಮೇಷ್ಟ್ರೊಬ್ಬರು ಇದ್ದಾರೆ, ಅವರ ಪಾತ್ರ ಇಡೀ ಮಧ್ಯಾಹ್ನ ಬಂಡೆ ಸಂದಿಯಲ್ಲಿ ಮಲಗಿತ್ತು, ಶಾಖದ ಸೂಟ್ ಚೀಲದಲ್ಲೇ ಇತ್ತು. ಹೊತ್ತು ಮುಳುಗಿ ಕಲ್ಲು ಆರುವ ತನಕ ಕಾದು ಆಮೇಲೆ ಎದ್ದು ಹೊರಟರು. ನಡೆಯುತ್ತಿದ್ದರಿಂದ ಬಣ್ಣದ ಕಡಿತ ಇಲ್ಲ, ಸಂಜೆಯ 3 ಮಾತ್ರ. ಕಾವಲುಗಾರನ ದಾಳ ನನ್ನ ಕೈಯಲ್ಲಿತ್ತು. ಅವನಿಗೆ 11 ಬೇಕಿತ್ತು, ಬಿದ್ದದ್ದು ಆರು ಮತ್ತು ನಾಲ್ಕು. ಒಂದೇ ಒಂದು ಕಡಿಮೆ! ಕೋಣೆಯಲ್ಲಿ ಯಾರೂ ಉಸಿರೇ ಬಿಟ್ಟಿರಲಿಲ್ಲ.

ಇನ್ನು ಧೂಳಿನ ನಿಯಮ ಬಾಕಿ ಇದೆ. ಸಂಡೂರು ರಸ್ತೆಯಲ್ಲಿ ಅದಿರಿನ ಲಾರಿ ಹಿಂದೆ ಬೈಕಿನಲ್ಲಿ ಹೋಗಿ ಬಂದರೆ ಬಿಳಿ ಅಂಗಿ ಯಾವ ಬಣ್ಣಕ್ಕೆ ಬರುತ್ತದೆ ಅಂತ ನೋಡಿದ್ದೇನೆ. ಬಣ್ಣ ಬದಲಿಸುವ ಸೂಟಿನ ಮೇಲೆ ಆ ಕೆಂಪು ಧೂಳು ಕೂತರೆ ಸೂಟ್ ಕೆಡುತ್ತದೋ, ಅಥವಾ ಗಣಿಯ ಒಳಗೆ ಆ ಧೂಳೇ ಒಳ್ಳೆಯ ಕ್ಯಾಮೊಫ್ಲಾಜ್ ಆಗುತ್ತದೋ, ಬರುವ ಭಾನುವಾರ ಎರಡೂ ಆಡಿ ನೋಡುತ್ತೇವೆ.