ಲಂಡನ್ನಿನಲ್ಲಿ ಹಾಡಿಲ್ಲದ ನಾಟಕ ಹುಡುಕಿದ್ದು

2023ರ ಆಗಸ್ಟ್ ಮೊದಲ ವಾರ ಲಂಡನ್ನಿನ ತಂಗಿಯ ಮನೆಗೆ ಹೋದಾಗ ನನ್ನ ಕೈಯಲ್ಲಿ ಇದ್ದದ್ದು ಹತ್ತು ದಿನ. ಮ್ಯೂಸಿಯಂ, ಅರಮನೆ, ನೆಂಟರಿಷ್ಟರ ಮನೆ ಊಟ ಎಲ್ಲ ಕಳೆದು ನಾಟಕಕ್ಕೆ ಉಳಿದದ್ದು ಎರಡೇ ಹೊತ್ತು. ಒಂದನ್ನು ಕೆಟ್ಟದಾಗಿ ಆರಿಸಿದೆ, ಇನ್ನೊಂದನ್ನು ಸರಿಯಾಗಿ ಆರಿಸಿದೆ. ನಡುವೆ ಏನು ಕಲಿತೆ ಅನ್ನುವುದನ್ನು ಬರೆದಿಟ್ಟರೆ ಮುಂದೆ ಹೋಗುವವರಿಗೆ ಉಪಯೋಗವಾದೀತು.

ಬಂದ ಮರುದಿನವೇ ತಂಗಿಯ ಮಗಳು ಮೊಬೈಲ್ ಹಿಡಿದು ಪಕ್ಕದಲ್ಲಿ ಕೂತಳು. "ದೊಡ್ಡಮ್ಮ, ಇಲ್ಲಿಗೆ ಬಂದವರೆಲ್ಲ ಲಯನ್ ಕಿಂಗ್ ನೋಡ್ತಾರೆ. ಟಿಕೆಟ್ ಮಾಡಿಬಿಡ್ಲಾ?"

"ಹಾಡಿಂದು ಬೇಡ ಕಣೆ. ಬರೀ ಮಾತಿಂದು ಯಾವುದಾದ್ರೂ ಇದ್ಯಾ ನೋಡು."

ಹಾಡು ನನಗೆ ಬೇಡವಾದದ್ದೇನಲ್ಲ. ನಾನು ಸಾಗರದವಳು, ಹೆಗ್ಗೋಡು ಪಕ್ಕದಲ್ಲೇ. ಅಲ್ಲಿನ ನೀನಾಸಂ ರಂಗಸಂಸ್ಥೆಯ ಊರೂರು ಸುತ್ತುವ ನಾಟಕತಂಡ ತಿರುಗಾಟ 1985ರಲ್ಲಿ ಶುರುವಾದಾಗಿನಿಂದ ನೋಡುತ್ತ ಬಂದಿದ್ದೇನೆ, ಬಿ.ವಿ. ಕಾರಂತರ ರಂಗಗೀತೆ ಇವತ್ತಿಗೂ ಅಡುಗೆಮನೆಯಲ್ಲಿ ಬಾಯಿಗೆ ಬರುತ್ತದೆ. ಆದರೆ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಇಂಗ್ಲಿಷ್ ಪಾಠ ಮಾಡಿದವಳಿಗೆ ಆ ಭಾಷೆಯನ್ನು ಅದರದೇ ರಂಗದ ಮೇಲೆ, ಅದರದೇ ಜನರ ಬಾಯಲ್ಲಿ ಒಮ್ಮೆಯೂ ಕೇಳಿ ಗೊತ್ತಿರಲಿಲ್ಲ. ರಾಗ, ತಾಳ, ಕುಣಿತದ ಆಸರೆಯಿಲ್ಲದೆ ಬರೀ ಮಾತು ಸಾವಿರ ಜನರನ್ನು ಹೇಗೆ ಹಿಡಿದಿಡುತ್ತದೆ ಎಂದು ನೋಡಬೇಕಿತ್ತು.

ಮೊದಲ ಸಲ ನಾನು ನೋಡಿದ್ದು ಬೆಲೆಯೊಂದನ್ನೇ. ನಾಟಕದ ಹೆಸರು ಕೇಳಿದ್ದೆ, ವಿಮರ್ಶೆ ಚೆನ್ನಾಗಿತ್ತು, ಇಪ್ಪತ್ತೈದು ಪೌಂಡಿಗೆ ಮೇಲಿನ ಬಾಲ್ಕನಿಯಲ್ಲಿ ಸೀಟು ಸಿಕ್ಕಿತು. ನಮ್ಮ ಲೆಕ್ಕದಲ್ಲಿ ಎರಡೂವರೆ ಸಾವಿರ ರೂಪಾಯಿಗೂ ಮೇಲೆ. 'ನೋಟಕ್ಕೆ ಅಡ್ಡಿಯಿದೆ' ಎಂದು ಟಿಕೆಟ್ಟಿನಲ್ಲೇ ಬರೆದಿತ್ತು. ಸ್ವಲ್ಪ ಬಗ್ಗಿದರೆ ಆದೀತು ಅಂದುಕೊಂಡೆ. ಹೋಗಿ ಕೂತರೆ ಕಣ್ಣಿನ ಮಟ್ಟಕ್ಕೆ ಕಬ್ಬಿಣದ ಕಂಬಿ, ಎಡಕ್ಕೊಂದು ಕಂಬ. ಅದನ್ನಾದರೂ ಸಹಿಸಬಹುದಿತ್ತು, ನಿಜವಾದ ತೊಂದರೆ ಕಿವಿಯದು. ದನಿ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಹೊಸ ನಾಟಕ, ಈ ಕಾಲದ ಮಾತು. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಹಾಯುತ್ತಿದ್ದರು. ಸುತ್ತ ಎಲ್ಲರೂ ನಗುವಾಗ ನಾನು ಆ ವಾಕ್ಯದ ಮೊದಲ ಅರ್ಧವನ್ನು ಜೋಡಿಸುತ್ತಿದ್ದೆ. ಜೊತೆಗಿದ್ದ ತಂಗಿಯ ಮಗಳು ಕಿವಿಯಲ್ಲಿ ಅರ್ಥ ಹೇಳಲು ಹೊರಟಳು, ಮುಂದಿನ ಸಾಲಿನವರು ತಿರುಗಿ ನೋಡಿದರು. ವಿರಾಮದ ಹೊತ್ತಿಗೆ ಕಣ್ಣು ತುಂಬಿ ಬಂದಿತ್ತು. ಜೀವಮಾನವಿಡೀ ಕಲಿಸಿದ ಭಾಷೆ ಅದು.

ಆ ರಾತ್ರಿ ರೈಲಿನಲ್ಲಿ ಬರುವಾಗ ತೀರ್ಮಾನ ಮಾಡಿದೆ: ಎರಡನೆಯದನ್ನು ಆರಿಸುವಾಗ ವಿಮರ್ಶೆಯ ನಕ್ಷತ್ರ ಎಣಿಸುವುದಿಲ್ಲ. ಎರಡೇ ಪ್ರಶ್ನೆ. ಆ ನಾಟಕದ ಮಾತು ನನ್ನೊಳಗೆ ಮೊದಲೇ ಎಷ್ಟಿದೆ? ನಟರಿಂದ ನಾನು ಎಷ್ಟು ದೂರ ಇರುತ್ತೇನೆ?

ಬೆಳಿಗ್ಗೆ ಕಾಫಿ ಕುಡಿಯುತ್ತ ಇಬ್ಬರೂ ಪಟ್ಟಿ ಮಾಡಿದೆವು. ನ್ಯಾಷನಲ್ ಥಿಯೇಟರಿನಲ್ಲಿ ನಮ್ಮ ಕಣ್ಣಿಗೆ ಬಿದ್ದದ್ದು ಎರಡು. ದೊಡ್ಡದಾದ ಆಲಿವಿಯರ್ ರಂಗದಲ್ಲಿ ಡಿಯರ್ ಇಂಗ್ಲೆಂಡ್. ಇಂಗ್ಲೆಂಡ್ ಫುಟ್‌ಬಾಲ್ ತಂಡ ಮತ್ತು ಅದರ ಆಗಿನ ಮ್ಯಾನೇಜರ್ ಗ್ಯಾರೆತ್ ಸೌತ್‌ಗೇಟ್ ಸುತ್ತ ಹೆಣೆದ ನಾಟಕ. ಅಲ್ಲಿಯವರಿಗೆ ಆ ಒಂದೊಂದು ಹೆಸರಿಗೂ ಒಂದೊಂದು ನೆನಪು ಇರುತ್ತದೆ, ನನಗೆ ಪೆನಾಲ್ಟಿ ಕಿಕ್ ಅಂದರೆ ಏನು ಎಂಬುದರಿಂದ ಶುರುವಾಗಬೇಕು. ಬಿಟ್ಟೆ. ಅಲ್ಲೇ ಲಿಟಲ್ಟನ್ ರಂಗದಲ್ಲಿ ದಿ ಎಫೆಕ್ಟ್, ಔಷಧ ಪ್ರಯೋಗಕ್ಕೆ ಒಳಗಾದ ಇಬ್ಬರ ಪ್ರೀತಿಯ ಕಥೆ, ವಿರಾಮವಿಲ್ಲದ ಒಂದೇ ಓಟ. ಇದನ್ನು ಬಿಡುವಾಗ ಹೊಟ್ಟೆ ಉರಿಯಿತು, ಆದರೆ ನಾನು ಓದಿರದ ಪಠ್ಯ. ಗಿಲ್‌ಗುಡ್ ಥಿಯೇಟರಿನಲ್ಲಿ ಆರ್ಥರ್ ಮಿಲ್ಲರ್‌ನ ದಿ ಕ್ರೂಸಿಬಲ್. ಎಂ.ಎ.ಯಲ್ಲಿ ಓದಿದ್ದೆ, 1692ರ ಸೇಲಂ ಮಾಟಗಾತಿ ವಿಚಾರಣೆಯ ಕಥೆ, ಮೊದಲ ಪ್ರಶ್ನೆಗೆ ಪಾಸು. ಆದರೆ ನಮಗೆ ಬಿಡುವಿದ್ದ ದಿನ ಕೈಗೆಟಕುವ ಬೆಲೆಗೆ ಉಳಿದದ್ದು ಮತ್ತೆ ಮೇಲಿನ ಬಾಲ್ಕನಿಯೇ.

ದಿ ಮೌಸ್‌ಟ್ರ್ಯಾಪ್ ಬಗ್ಗೆ ಬಹಳ ಹೊತ್ತು ಯೋಚಿಸಿದೆವು. ಅಗಾಥಾ ಕ್ರಿಸ್ಟಿಯ ಈ ನಾಟಕ 1952ರ ನವೆಂಬರ್ 25ರಂದು ಲಂಡನ್ನಿನಲ್ಲಿ ಶುರುವಾಯಿತು, 1974ರಲ್ಲಿ ಸೇಂಟ್ ಮಾರ್ಟಿನ್ಸ್ ಥಿಯೇಟರಿಗೆ ಬಂತು, ಕೋವಿಡ್ ಕಾಲ ಬಿಟ್ಟರೆ ನಿಂತಿಲ್ಲ. ಅವತ್ತಿನದು ಎಷ್ಟನೆಯ ಪ್ರದರ್ಶನ ಎಂದು ತೋರಿಸುವ ಮರದ ಫಲಕವೊಂದು ಅಲ್ಲಿದೆ, ಇಪ್ಪತ್ತೆಂಟು ಸಾವಿರ ಯಾವಾಗಲೋ ದಾಟಿದೆ. ಒಂದೇ ಮನೆಯೊಳಗೆ ನಡೆಯುವ ಕಥೆ, ಹಳೇ ಕಾಲದ ತಿಳಿಯಾದ ಇಂಗ್ಲಿಷ್. ಮೊದಲ ಸಲ ಹೋಗುವವರಿಗೆ ನಾನು ಇದನ್ನೇ ಹೇಳುತ್ತೇನೆ. ನನಗೆ ಅಡ್ಡಬಂದದ್ದು ಪತ್ತೇದಾರಿ ಕಟ್ಟು. ಅಂಥ ನಾಟಕದಲ್ಲಿ ಒಂದು ಸಾಲು ತಪ್ಪಿದರೆ ಗಂಟು ಬಿಚ್ಚುವಾಗ ಕೈಗೆ ಏನೂ ಸಿಗುವುದಿಲ್ಲ. ಕಥೆಯನ್ನು ಮೊದಲೇ ಓದಿಕೊಂಡು ಹೋಗೋಣವೆಂದರೆ ನೋಡುವ ಸುಖವೇ ಹೋಯಿತು.

ಕೊನೆಗೆ ಉಳಿದದ್ದು ಥೇಮ್ಸ್ ದಂಡೆಯ ಗ್ಲೋಬ್ ರಂಗಮಂದಿರ, ಅಲ್ಲಿ ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್. ನನಗೆ ಆ ನಾಟಕ ಬರುತ್ತದೆ. ಪಾಠ ಮಾಡಿದ್ದರಿಂದಲ್ಲ, ಪ್ರಾಂಪ್ಟ್ ಮಾಡಿದ್ದರಿಂದ, ಅಂದರೆ ನಟರು ಮಾತು ಮರೆತಾಗ ಮರೆಯಿಂದ ಹೇಳಿಕೊಟ್ಟಿದ್ದರಿಂದ. ನಮ್ಮ ಹವ್ಯಾಸಿ ತಂಡ ಇಪ್ಪತ್ತು ವರ್ಷದ ಹಿಂದೆ ಅದನ್ನು ಕನ್ನಡದಲ್ಲಿ ಆಡಿದಾಗ ರಂಗದ ಎಡಗಡೆ ಮರೆಯಲ್ಲಿ ಸ್ಟೂಲಿನ ಮೇಲೆ ಕೂತು, ಟಾರ್ಚು ಹಿಡಿದು, ಎರಡು ತಿಂಗಳ ತಾಲೀಮು ಮತ್ತು ಏಳು ಪ್ರದರ್ಶನ ಪೂರ್ತಿ ಪಠ್ಯ ಹಿಡಿದವಳು ನಾನು. ಕನ್ನಡಕ್ಕೂ ಆ ನಾಟಕಕ್ಕೂ ಹಳೇ ನಂಟು. ಶ್ರೀಕಂಠೇಶಗೌಡರು ಅದನ್ನು ಪ್ರತಾಪರುದ್ರದೇವ ಮಾಡಿ ನಮ್ಮವನನ್ನಾಗಿಸಿದರು, ಡಿ.ವಿ.ಜಿ. ಅನುವಾದಿಸಿದರು, ಕಾರಂತರು ಹಿಂದಿಯಲ್ಲಿ ಬರ್ನಮ್ ವನ ಎಂದು ಯಕ್ಷಗಾನದ ಹೆಜ್ಜೆ ಹಾಕಿಸಿದರು.

ಇನ್ನು ದೂರ. ಗ್ಲೋಬ್‌ನ ನಡುವಿನ ಅಂಗಳಕ್ಕೆ ಸೂರಿಲ್ಲ, ಆಸನವೂ ಇಲ್ಲ. ಸುಮಾರು 700 ಜನ ನಿಂತು ನೋಡುತ್ತಾರೆ, ಆಗ ಟಿಕೆಟ್ ಐದು ಪೌಂಡಿನಿಂದ ಶುರುವಾಗುತ್ತಿತ್ತು. ನಟರಿಗೆ ತೀರಾ ಹತ್ತಿರದ ಜಾಗವೇ ಇಲ್ಲಿ ತೀರಾ ಅಗ್ಗದ್ದೂ ಹೌದು.

"ಎರಡೂವರೆ ಗಂಟೆ ನಿಲ್ತೀಯಾ ದೊಡ್ಡಮ್ಮ? ಮಂಡಿ?" ಎಂದಳು ಮಗಳು.

"ರಾತ್ರಿಯಿಡೀ ಬಯಲಾಟ ನೋಡಿದ ಕಾಲು ಕಣೆ ಇದು. ಮಧ್ಯಾಹ್ನದ ಆಟಕ್ಕೆ ಮಾಡು."

ಮಂಡಿ ಗಟ್ಟಿಯಿಲ್ಲದವರು ಗ್ಯಾಲರಿಯ ಮರದ ಬೆಂಚಿಗೇ ಹೋಗಿ, ದಿಂಬು ಬಾಡಿಗೆಗೆ ಸಿಗುತ್ತದೆ. ಅಂಗಳದಲ್ಲಿ ಸುಸ್ತಾಯಿತೆಂದು ನೆಲದಲ್ಲಿ ಕೂರುವಂತಿಲ್ಲ. ಕೊಡೆ ಬಿಚ್ಚುವಂತಿಲ್ಲ, ಮಳೆಗೆ ಪ್ಲಾಸ್ಟಿಕ್ ಅಂಗಿ ಇಟ್ಟುಕೊಂಡಿರಬೇಕು. ನಾವು ಮೂರು ರಾತ್ರಿ ಊಟವಾದ ಮೇಲೆ ಪಠ್ಯವನ್ನು ಗಟ್ಟಿಯಾಗಿ ಓದಿದೆವು, ಅವಳು ಇಂಗ್ಲಿಷಿನಲ್ಲಿ ಒಂದು ದೃಶ್ಯ, ನಾನು ನೆನಪಿದ್ದಷ್ಟು ಕನ್ನಡದಲ್ಲಿ. ಈ ಓದೇ ಟಿಕೆಟ್ಟಿಗಿಂತ ಮುಖ್ಯವಾದ ತಯಾರಿಯಾಯಿತು.

ಎರಡು ಗಂಟೆಯ ಆಟಕ್ಕೆ ಮುಕ್ಕಾಲು ಗಂಟೆ ಮುಂಚೆ ಹೋಗಿ ರಂಗದ ಅಂಚಿಗೇ ನಿಂತೆವು. ಹಲಗೆ ನನ್ನ ಎದೆಮಟ್ಟ, ಅದರ ಮೇಲೆ ಮೊಣಕೈ ಊರಿಕೊಂಡೆ. ತಲೆ ಎತ್ತಿದರೆ ದುಂಡಗಿನ ಆಕಾಶ, ಸುತ್ತ ಹುಲ್ಲಿನ ಮಾಡು. 1599ರಲ್ಲಿ ಕಟ್ಟಿದ ಹಳೇ ಗ್ಲೋಬ್‌ನ ಹುಲ್ಲು ಮಾಡಿಗೆ 1613ರಲ್ಲಿ ನಾಟಕದ ಫಿರಂಗಿಯ ಕಿಡಿಯೇ ಬಿದ್ದು ಸುಟ್ಟುಹೋಯಿತಂತೆ. ಈಗಿನದು 1997ರಲ್ಲಿ ತೆರೆದದ್ದು. ಅದಕ್ಕಾಗಿ ದಶಕಗಟ್ಟಲೆ ಓಡಾಡಿದ ನಟ ಸ್ಯಾಮ್ ವಾನಮೇಕರ್ ಅದು ಮುಗಿಯುವ ಮೊದಲೇ ತೀರಿಕೊಂಡಿದ್ದರು.

ಇಂದಿನ ಕಾಲದ ಉಡುಪಿನಲ್ಲಿ ಆಡಿದರು. ಹಗಲ ಬೆಳಕು, ಹಾಗಾಗಿ ನಮಗೆ ಅವರು ಕಂಡಂತೆ ಅವರಿಗೂ ನಾವು ಕಾಣುತ್ತಿದ್ದೆವು. ಮೊದಲ ಐದು ನಿಮಿಷ ಕಿವಿ ತಡವರಿಸಿತು. ಆಮೇಲೆ ಏನೋ ಆಯಿತು. ನಟ ಒಂದು ಸಾಲು ಎತ್ತಿಕೊಂಡರೆ ನನ್ನೊಳಗೆ ಅದರ ಕನ್ನಡ ಮುಂದೆ ಹೋಗಿ ನಿಂತಿರುತ್ತಿತ್ತು. ಪ್ರಾಂಪ್ಟರ್‌ಗೆ ಯಾವಾಗಲೂ ನಟನಿಗಿಂತ ಅರ್ಧ ಸಾಲು ಮುಂದಿರುವ ಅಭ್ಯಾಸ. ಆ ಅಭ್ಯಾಸ ಇಪ್ಪತ್ತು ವರ್ಷದ ಮೇಲೆ, ಬೇರೆ ಭಾಷೆಯಲ್ಲಿ, ತಾನಾಗಿ ಎದ್ದಿತು. ಲೇಡಿ ಮ್ಯಾಕ್‌ಬೆತ್ ನಿದ್ದೆಯಲ್ಲಿ ಕೈ ತೊಳೆದುಕೊಳ್ಳುವ ದೃಶ್ಯದಲ್ಲಿ ಆಕೆಯ ಬೆರಳ ಗಿಣ್ಣು ಬಿಳಿಚಿಕೊಂಡದ್ದು ನನಗೆ ಕಂಡಿತು, ಅಂಗೈಗೆ ಅಂಗೈ ಉಜ್ಜುವ ಸದ್ದು ಕೇಳಿತು. ನಮ್ಮ ತಂಡದಲ್ಲಿ ಆ ಪಾತ್ರ ಮಾಡುತ್ತಿದ್ದ ಗೆಳತಿ ಪ್ರತಿ ಸಲ ಅಲ್ಲೇ ಒಂದು ಮಾತು ಮರೆಯುತ್ತಿದ್ದಳು. ಗೊತ್ತಿಲ್ಲದೆ ನನ್ನ ತುಟಿ ಅಲ್ಲಾಡಿತು.

ಕೊನೆಯಲ್ಲಿ ಹೆಂಡತಿ ಸತ್ತ ಸುದ್ದಿ ಬಂದಾಗ ಮ್ಯಾಕ್‌ಬೆತ್ ನಾಳೆ, ನಾಳೆ, ನಾಳೆ ಎಂದು ಶುರುಮಾಡುವ ಮಾತು. ಸರಿಯಾಗಿ ಆಗ ಮೇಲೆ ಹೆಲಿಕಾಪ್ಟರ್ ಹಾದುಹೋಯಿತು. ನಟ ಗಂಟಲು ಏರಿಸಲಿಲ್ಲ. ಅದು ದಾಟುವ ತನಕ ಸುಮ್ಮನೆ ನಿಂತು, ಆಮೇಲೆ ಇನ್ನೂ ತಗ್ಗಿದ ದನಿಯಲ್ಲಿ ಮುಂದುವರಿಸಿದರು. ಏಳುನೂರು ಜನ ಉಸಿರು ಬಿಗಿಹಿಡಿದಿದ್ದರು. ನಾನು ನೋಡಬೇಕೆಂದು ಬಂದದ್ದು ಅದನ್ನೇ.

ಒಂದು ವಿಷಯ ತಡವಾಗಿ ತಿಳಿಯಿತು. ಕೆಲವು ದಿನಗಳ ಆಟಕ್ಕೆ ರಂಗದ ಪಕ್ಕದ ಫಲಕದಲ್ಲಿ ಮಾತುಗಳು ಅಕ್ಷರವಾಗಿ ಮೂಡುತ್ತವೆ, ಕ್ಯಾಪ್ಷನ್ ಪ್ರದರ್ಶನ ಎನ್ನುತ್ತಾರೆ. ನ್ಯಾಷನಲ್ ಥಿಯೇಟರಿನಲ್ಲಂತೂ ಆಗ ಕಣ್ಣೆದುರೇ ಸಂಭಾಷಣೆ ಮೂಡಿಸುವ ಕನ್ನಡಕವನ್ನೂ ಕೊಡುತ್ತಿದ್ದರು. ಕಿವಿ ಕೇಳದವರಿಗೆಂದು ಮಾಡಿದ ವ್ಯವಸ್ಥೆ, ಇಂಗ್ಲಿಷನ್ನು ಓದಿ ಕಲಿತ ನಮ್ಮಂಥವರಿಗೂ ದೊಡ್ಡ ಆಸರೆ. ಗೊತ್ತಿದ್ದರೆ ದಿ ಎಫೆಕ್ಟ್ ಬಿಡುತ್ತಿರಲಿಲ್ಲ. ಟಿಕೆಟ್ ಮಾಡುವ ಮೊದಲು ಆ ದಿನಾಂಕಗಳನ್ನು ಹುಡುಕಿ. ಅಗ್ಗದ ಟಿಕೆಟ್ಟಿಗೆ ಲೆಸ್ಟರ್ ಸ್ಕ್ವೇರಿನಲ್ಲಿ ಥಿಯೇಟರಿನವರೇ ಸೇರಿ ನಡೆಸುವ ಟಿಕೆಟಿಎಸ್ (TKTS) ಮಳಿಗೆ ಇದೆ, ಆದರೆ ಸೀಟು ಎಲ್ಲಿ ಬರುತ್ತದೆ ಎಂದು ನಕ್ಷೆಯಲ್ಲಿ ತೋರಿಸಿ ಅಂತ ಕೇಳಿಯೇ ದುಡ್ಡು ಕೊಡಿ.

ಮೊನ್ನೆ ನಮ್ಮ ಶಾಲೆಯ ಕನ್ನಡ ಮೇಷ್ಟ್ರು ಮುಂಬಯಿಗೆ ಹೊರಟಿದ್ದರು. "ಮೇಡಂ, ಅಲ್ಲಿ ಒಂದು ನಾಟಕ ನೋಡಬೇಕು, ಯಾವುದು ನೋಡಲಿ?" ಎಂದರು. ನಾನು ಮೊದಲು ಕೇಳಿದ್ದು ಅವರು ಯಾವ ನಾಟಕ ಚೆನ್ನಾಗಿ ಓದಿದ್ದಾರೆ ಎಂದು. ಕಾರ್ನಾಡರ ನಾಟಕಗಳೆಲ್ಲ ಓದಿದ್ದೇನೆ, ಮರಾಠಿಯ ವಿಜಯ್ ತೆಂಡೂಲ್ಕರ್ ಅವರದು ಎರಡು ಓದಿದ್ದೇನೆ ಎಂದರು. ಹಾಗಿದ್ದರೆ ಆ ವಾರ ಆ ಇಬ್ಬರದು ಹಿಂದಿಯಲ್ಲೋ ಮರಾಠಿಯಲ್ಲೋ ಎಲ್ಲಾದರೂ ಇದೆಯಾ ನೋಡಿ, ಜುಹುವಿನ ಪೃಥ್ವಿ ಥಿಯೇಟರಿನಲ್ಲಿ ಇದ್ದರೆ ಬಿಡಲೇಬೇಡಿ ಎಂದೆ. ಸುಮಾರು ಇನ್ನೂರು ಜನರ ರಂಗಮಂದಿರ, ಮೂರು ಕಡೆ ಪ್ರೇಕ್ಷಕರು, ಸೀಟಿಗೆ ನಂಬರಿಲ್ಲ, ಮೊದಲು ಹೋದವರಿಗೆ ಮುಂದಿನ ಜಾಗ. ಅರ್ಧ ಗಂಟೆ ಮುಂಚೆಯೇ ಹೋಗಿ ಸಾಲಿನಲ್ಲಿ ನಿಲ್ಲಿ, ಹೋಗುವ ಮೊದಲು ಒಂದು ಸಲ ಕನ್ನಡದಲ್ಲಿ ಗಟ್ಟಿಯಾಗಿ ಓದಿಕೊಳ್ಳಿ ಎಂದೆ. ಸಂಜೆ ಶಾಲೆಯ ಲೈಬ್ರರಿಯಿಂದ ಪುಸ್ತಕ ಬರೆಸಿಕೊಂಡು ಹೋದರು.