ಕುರ್ಚಿಯಿಂದ ಏಳುವುದನ್ನೇ ವ್ಯಾಯಾಮ ಮಾಡಿಕೊಳ್ಳಿ

ಅರವತ್ತು ದಾಟಿದ ಮೇಲೆ ದಿನಾ ವಾಕಿಂಗ್ ಹೋದರೂ ತೊಡೆಯ ಬಲ ಕುಗ್ಗಬಹುದು. ಕಮೋಡಿನಿಂದ ಏಳುವಾಗ ಅದು ಗೊತ್ತಾಗುತ್ತದೆ.

17–18 ಇಂಚು ಎತ್ತರದ ಗಟ್ಟಿ ಮರದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಹಗುರ ಪ್ಲಾಸ್ಟಿಕ್ ಕುರ್ಚಿ ಟೈಲ್ಸ್ ಮೇಲೆ ಜಾರುತ್ತದೆ, ಬೇಡವೇ ಬೇಡ. ಕಾಲಿಗೆ ಸಾಕ್ಸೂ ಬೇಡ. ಅಂಚಿನ ಕಡೆ ಸರಿದು ಕೂತು, ಪಾದಗಳನ್ನು ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಿ. ಹೆಚ್ಚಿನವರು ತಪ್ಪುವುದು ಇಲ್ಲೇ. ಪಾದ ಮುಂದಿದ್ದರೆ ಮೈಭಾರ ಹಿಂದೆಯೇ ಉಳಿದು, ಎಷ್ಟು ತಿಣುಕಿದರೂ ಏಳಲಾಗದು. ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಬಾಗಿ, ಉಸಿರು ಬಿಡುತ್ತಾ ಏಳಿ. ಉಸಿರು ಬಿಗಿಹಿಡಿದರೆ ಬಿಪಿ ಏರುತ್ತದೆ. ಕೂರುವಾಗ ದೊಪ್ಪೆಂದು ಬೀಳದೆ, ನಾಲ್ಕು ಎಣಿಸುತ್ತಾ ಇಳಿಯಿರಿ. ನಿಧಾನ ಇಳಿದಷ್ಟೂ ತೊಡೆಗೆ ಕೆಲಸ. ಮಂಡಿಗಳು ಒಳಕ್ಕೆ ವಾಲದಿರಲಿ.

8 ಸಲ ಮಾಡಿ, ಎರಡು ನಿಮಿಷ ಸುಧಾರಿಸಿಕೊಂಡು ಮತ್ತೆ 8. ವಾರಕ್ಕೆ 3 ದಿನ, ದಿನ ಬಿಟ್ಟು ದಿನ. ಕೈ ಊರದೆ ಏಳಲಾಗದಿದ್ದರೆ ಕುರ್ಚಿಯ ಮೇಲೆ ಮಡಿಸಿದ ಕಂಬಳಿ ಹಾಕಿ ಎತ್ತರಿಸಿ. ಬಲ ಬಂದಂತೆ ಒಂದೊಂದೇ ಮಡಿಕೆ ಕಡಿಮೆ ಮಾಡಿ.

ತಲೆ ಸುತ್ತಿದರೆ, ಎದೆ ಬಿಗಿದರೆ ತಕ್ಷಣ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಮಂಡಿ, ಸೊಂಟದ ಆಪರೇಷನ್ ಆದವರು ಮೊದಲು ಫಿಸಿಯೋಥೆರಪಿಸ್ಟ್ ಹತ್ತಿರ ಕೇಳಿಕೊಳ್ಳಿ.